ಕೈಗಾದ ಮೇಲೆ ಬಾಂಬ್ ಹಾಕಬಾರದು ಅಂತ ಎಲ್ಲಿ ಬರೆದಿದೆ?

ಪ್ರಶ್ನೆ: ನಾನು ಜಮಖಂಡಿಯವನು. ತಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟಿದ್ದಾನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಹೊಡೆದಾಟ ನಡೆದಾಗ ಮಾಕ್ ಡ್ರಿಲ್ ಪಟ್ಟಿಯಲ್ಲಿ ಕಾರವಾರ, ರಾಯಚೂರು ಹೆಸರೂ ಇತ್ತು. ಆಗಿನಿಂದ ಮನೆಯಲ್ಲಿ ಇದೇ ಮಾತು. ಕೈಗಾಕ್ಕೆ ಬಾಂಬ್ ಬಿದ್ದರೆ ನಮ್ಮ ಗತಿ ಏನು? ಅಣ್ವಸ್ತ್ರ ಹರಡದಂತೆ ತಡೆಯುವ ಎನ್‌ಪಿಟಿ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ ಅಂತಾರೆ. ಹಾಗಾದ್ರೆ ನಮಗೂ ಪಾಕಿಸ್ತಾನಕ್ಕೂ ನಡುವೆ ಕಟ್ಟುಪಾಡು ಅನ್ನೋದೇ ಇಲ್ವಾ? ಇದ್ದರೆ ಅದು ಬರೀ ಕಾಗದನಾ? ಸಹಿ ಹಾಕಿದ ಇರಾನಿಗೆ ಬಾಂಬು, ಹಾಕದ ನಮಗೆ ಮರ್ಯಾದೆ, ಇದ್ಯಾವ ನ್ಯಾಯ? ನಮ್ಮಂಥವರು ಇದರಲ್ಲಿ ಮಾಡೋದೇನಾದ್ರೂ ಇದೆಯಾ?

ಉತ್ತರ: ಕೈಗಾದಿಂದಲೇ ಶುರು ಮಾಡೋಣ. ಭಯ ಹುಟ್ಟಿದ್ದು ಅಲ್ಲಿಂದಲೇ ಅಲ್ವಾ.

ಕೈಗಾದ ನಾಲ್ಕು ರಿಯಾಕ್ಟರ್‌ಗಳು ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ, ಅಂದರೆ ಐಎಇಎಯ ತಪಾಸಣೆಗೆ ಒಳಪಟ್ಟಿಲ್ಲ. ಅಮೆರಿಕದ ಜೊತೆ ಅಣು ಒಪ್ಪಂದದ ಮಾತುಕತೆ ನಡೆದಾಗ, 2006ರಲ್ಲಿ, ಭಾರತ ತನ್ನ 22 ರಿಯಾಕ್ಟರ್‌ಗಳನ್ನು ಎರಡು ಪಾಲು ಮಾಡಿತು. 14 ತಪಾಸಣೆಗೆ, 8 ಹೊರಗೆ. ಕೈಗಾ ಹೊರಗಿನ ಪಾಲಿಗೆ ಹೋಯಿತು. ಇಷ್ಟು ಕೇಳಿದವರು ಕೈಗಾಕ್ಕೆ ಯಾವ ರಕ್ಷಣೆಯೂ ಇಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ತಪಾಸಣೆಯ ಮಾತು ಬೇರೆ, ದಾಳಿಯ ಮಾತು ಬೇರೆ. ದಾಳಿ ಮಾಡಬಾರದು ಅನ್ನುವುದು ಇನ್ನೊಂದು ಕಾಗದದಲ್ಲಿದೆ. ಅದರಲ್ಲಿ ಐಎಇಎಯೂ ಇಲ್ಲ, ಅಮೆರಿಕವೂ ಇಲ್ಲ. ಭಾರತ, ಪಾಕಿಸ್ತಾನ ಇಬ್ಬರೇ.

ಅದರ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರನ್ನು ಪುಡಿ ಮಾಡಿದವು. ಕಹೂಟಾದಲ್ಲಿ ಗುಟ್ಟಾಗಿ ಯುರೇನಿಯಂ ಎನ್‌ರಿಚ್ ಮಾಡುತ್ತಿದ್ದ, ಅಂದರೆ ಬಾಂಬಿಗೆ ಬೇಕಾದ ಅಂಶವನ್ನು ಅದರಲ್ಲಿ ಹೆಚ್ಚಿಸುತ್ತಿದ್ದ ಪಾಕಿಸ್ತಾನಕ್ಕೆ ನಡುಕ ಹುಟ್ಟಿತು. ಇವತ್ತು ಇರಾಕ್, ನಾಳೆ ನಾವು, ಹೊಡೆಯುವವರು ಭಾರತ ಅಂತ. ಭಾರತಕ್ಕೂ ತನ್ನದೇ ಭಯ ಇತ್ತು. ನಾವು ಕಹೂಟಾ ಹೊಡೆದರೆ ಅವರು ನಮ್ಮ ಅಣು ಸಂಶೋಧನಾ ಕೇಂದ್ರವಿರುವ ಟ್ರಾಂಬೆ ಹೊಡೆಯಬಹುದು. ಟ್ರಾಂಬೆ ಇರುವುದು ಕಾಡಿನಲ್ಲಲ್ಲ, ಮುಂಬೈಯಲ್ಲೇ. 1985ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಅಧ್ಯಕ್ಷ ಜನರಲ್ ಜಿಯಾ ದೆಹಲಿಗೆ ಬಂದಾಗ ರಾಜೀವ್ ಗಾಂಧಿ ಮತ್ತು ಅವರು ಬಾಯಿಮಾತಿನಲ್ಲಿ ಒಪ್ಪಿಕೊಂಡರು: ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ಕೈ ಹಾಕಬಾರದು. ಅದು ಕಾಗದಕ್ಕೆ ಇಳಿಯಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಜಿಯಾ ತೀರಿಕೊಂಡಿದ್ದರು. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ರಾಜೀವ್ ಗಾಂಧಿ ಮತ್ತು ಆಗಷ್ಟೇ ಪ್ರಧಾನಿಯಾಗಿದ್ದ ಬೆನಜೀರ್ ಭುಟ್ಟೋ ಅವರ ಎದುರಿನಲ್ಲಿ ಸಹಿ ಬಿತ್ತು. ಜಾರಿಗೆ ಬಂದದ್ದು 1991ರ ಜನವರಿ 27ರಂದು.

ಒಪ್ಪಂದ ತೀರಾ ಚಿಕ್ಕದು. ಎದುರಿನವರ ಅಣು ಸ್ಥಾವರ ಹಾಳು ಮಾಡುವ ಕೆಲಸ ಮಾಡಬಾರದು, ಮಾಡಿಸಬಾರದು, ಅದರಲ್ಲಿ ಕೈಜೋಡಿಸಬಾರದು. ಪ್ರತಿ ಜನವರಿ 1ಕ್ಕೆ ಇಬ್ಬರೂ ತಮ್ಮ ಸ್ಥಾವರಗಳ ಅಕ್ಷಾಂಶ ರೇಖಾಂಶ ಬರೆದು ಕೊಡಬೇಕು. ಇಷ್ಟೇ. ಪಟ್ಟಿ ಗುಟ್ಟಾಗಿಯೇ ಇರುತ್ತದೆ. ಆದರೆ ಯಾವ್ಯಾವುದು ಸ್ಥಾವರ ಅನ್ನುವುದನ್ನು ಒಪ್ಪಂದವೇ ಹೇಳುತ್ತದೆ. ವಿದ್ಯುತ್ ರಿಯಾಕ್ಟರ್, ಸಂಶೋಧನಾ ರಿಯಾಕ್ಟರ್, ಇಂಧನ ತಯಾರಿ, ಯುರೇನಿಯಂ ಎನ್‌ರಿಚ್ ಮಾಡುವ ಘಟಕ, ಬಳಸಿದ ಇಂಧನ ಮರುಸಂಸ್ಕರಣೆ, ವಿಕಿರಣ ವಸ್ತು ಜಾಸ್ತಿ ಇಟ್ಟಿರುವ ಜಾಗ. ಈ ವಿವರಣೆಯ ಪ್ರಕಾರ ಕೈಗಾ ಅದರೊಳಗೆ ಬರಲೇಬೇಕು. ಯುರೇನಿಯಂ ಎನ್‌ರಿಚ್ ಮಾಡುವ, ಮೈಸೂರಿನ ಹತ್ತಿರದ ರತ್ನಹಳ್ಳಿ ಘಟಕವೂ ಬರಬೇಕು.

ಮೊದಲ ಪಟ್ಟಿ ಕೈ ಬದಲಾದದ್ದು 1992ರ ಜನವರಿ 1ರಂದು. ಆಮೇಲೆ ಒಂದು ವರ್ಷವೂ ತಪ್ಪಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಸಂಸತ್ತಿನ ಮೇಲೆ ದಾಳಿಯಾಗಿ ಎರಡೂ ಸೈನ್ಯ ಗಡಿಯಲ್ಲಿ ಎದುರುಬದುರು ನಿಂತಿದ್ದವು, 2002ರ ಜನವರಿ 1ಕ್ಕೆ ಪಟ್ಟಿ ಹೋಯಿತು. ಮುಂಬೈ ದಾಳಿ ಮುಗಿದು ಐದು ವಾರ ಆಗಿತ್ತು, 2009ರ ಜನವರಿ 1ಕ್ಕೂ ಹೋಯಿತು. ಬಾಲಾಕೋಟ್ ಆದ ಮುಂದಿನ ವರ್ಷವೂ ಹೋಯಿತು. ಈಗ ಸಿಂಧೂ ಜಲ ಒಪ್ಪಂದವನ್ನು ನಾವು ಅಮಾನತಿನಲ್ಲಿಟ್ಟಿದ್ದೇವೆ. ಶಿಮ್ಲಾ ಒಪ್ಪಂದವನ್ನು ಅಮಾನತಿನಲ್ಲಿಡುವ ಹಕ್ಕು ತನಗಿದೆ ಅಂತ ಅವರು ಹೇಳಿದ್ದಾರೆ. ಹೈಕಮಿಷನರ್ ಇಲ್ಲ, ವಿಮಾನಗಳಿಗೆ ಆಕಾಶ ಬಂದ್. ಅದರ ನಡುವೆಯೂ 2026ರ ಜನವರಿ 1ರಂದು 35ನೇ ಸಲ ಪಟ್ಟಿ ಅದಲುಬದಲಾಯಿತು. ಅದೇ ದಿನ ಜೈಲಿನಲ್ಲಿರುವ ಕೈದಿಗಳ, ಮೀನುಗಾರರ ಪಟ್ಟಿಯೂ ಹೋಗುತ್ತದೆ. ಪೇಪರಿನಲ್ಲಿ ಒಳಗಿನ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ಯಾರೂ ಓದುವುದಿಲ್ಲ.

ಬರೀ ಕಾಗದನಾ ಅಂತ ಕೇಳಿದ್ದೀರಿ. 2025ರ ಮೇ ತಿಂಗಳೇ ಅದಕ್ಕೆ ಪರೀಕ್ಷೆ. ಆ ನಾಲ್ಕು ದಿನಗಳಲ್ಲಿ ನಮ್ಮ ವಾಯುಪಡೆ ಸರ್ಗೋಧಾ, ರಾವಲ್ಪಿಂಡಿಯ ನೂರ್ ಖಾನ್ ಸೇರಿ ಹಲವು ವಾಯುನೆಲೆ ಹೊಡೆಯಿತು. ಸರ್ಗೋಧಾ ಪಕ್ಕದಲ್ಲೇ ಕಿರಾನಾ ಬೆಟ್ಟಗಳಿವೆ. ಅಲ್ಲಿ ಅಣ್ವಸ್ತ್ರ ಇಟ್ಟಿದ್ದಾರೆ ಅನ್ನುವ ಮಾತು ಹಳೆಯದು. ನಿಮ್ಮ ಫೋನಿಗೂ ಬಂದಿರುತ್ತದೆ: ಕಿರಾನಾ ಸೀಳಿದೆ, ವಿಕಿರಣ ಸೋರುತ್ತಿದೆ, ಈಜಿಪ್ಟಿನಿಂದ ವಿಮಾನ ವಿಕಿರಣ ತಡೆಯಲು ಬಳಸುವ ಬೋರಾನ್ ಹೊತ್ತು ತಂದಿದೆ ಅಂತ. ಏರ್ ಮಾರ್ಷಲ್ ಎ.ಕೆ. ಭಾರ್ತಿ ಪತ್ರಿಕಾಗೋಷ್ಠಿಯಲ್ಲಿ ನಾವು ಕಿರಾನಾ ಹೊಡೆದಿಲ್ಲ ಅಂತ ನೇರವಾಗಿ ಹೇಳಿದರು. ಪಾಕಿಸ್ತಾನದ ಯಾವ ಅಣು ಸ್ಥಾವರದಿಂದಲೂ ವಿಕಿರಣ ಸೋರಿಲ್ಲ ಅಂತ ಐಎಇಎ ಹೇಳಿತು. ನಮ್ಮಲ್ಲೂ ಅದೇ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಅವರ ಮನೆ ಮೇಲೆ ದಾಳಿಯಾಯಿತು ಅಂತ ಹಬ್ಬಿಸಿದರು. ಪೊಲೀಸರು ಅದು ಶುದ್ಧ ಸುಳ್ಳು ಅಂತ ಹೇಳಬೇಕಾಯಿತು. ಅಣು ವಿಷಯದ ಗಾಳಿಸುದ್ದಿ ಅದಕ್ಕಿಂತ ಅಪಾಯದ್ದು. ವಿಕಿರಣ ಸೋರಿದೆ ಅಂತ ನಂಬಿದ ದೇಶ ಮುಂದೆ ಏನು ಮಾಡುತ್ತದೋ ಹೇಳಲಾಗದು.

ಅಂದರೆ ಒಪ್ಪಂದ ಉಳಿಯಿತು. ಉಳಿಸಿದ್ದು ಕಾಗದವೇ? ನನ್ನ ಅಭಿಪ್ರಾಯದಲ್ಲಿ ಅರ್ಧ ಮಾತ್ರ. ವಿಕಿರಣದ ಗಾಳಿಗೆ ಗಡಿ ಗೊತ್ತಿಲ್ಲ. ಒಬ್ಬರು ಹೊಡೆದರೆ ಇನ್ನೊಬ್ಬರೂ ಹೊಡೆಯುತ್ತಾರೆ ಅನ್ನುವ ಭಯವೇ ನಿಜವಾದ ಬೇಲಿ. ಆದರೆ ಭಯ ಒಂದೇ ಸಾಲದು. ಯುದ್ಧದ ನಡುರಾತ್ರಿ ಗುರಿಗಳ ಪಟ್ಟಿ ಮಾಡುವ ಅಧಿಕಾರಿಗೆ 'ಇದು ಬೇಡ' ಅಂತ ಮೊದಲೇ ಬರೆದಿಟ್ಟಿರಬೇಕು. ಜನವರಿಯ ಆ ಪಟ್ಟಿ ಮಾಡುವುದು ಆ ಕೆಲಸ. ಅದರಲ್ಲಿ ತೂತೂ ಇದೆ. ಅಸ್ತ್ರ ಇಡುವ ಗೋದಾಮು ಅಂತ ಹೆಸರಿಟ್ಟು ಎಲ್ಲೂ ಹೇಳಿಲ್ಲ. ಕಿರಾನಾದಂಥ ಜಾಗ ಇದರೊಳಗೆ ಬರುತ್ತದೋ ಇಲ್ಲವೋ ಅಂತ ವಕೀಲರು ಇಡೀ ದಿನ ವಾದ ಮಾಡಬಹುದು.

ಇನ್ನು ಫೋನು. ಎರಡೂ ಕಡೆಯ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ, ಅಂದರೆ ಡಿಜಿಎಂಒಗಳ ನಡುವೆ 1971ರ ಯುದ್ಧದ ನಂತರ ಹಾಟ್‌ಲೈನ್ ಇದೆ. ಮಂಗಳವಾರ ಮಂಗಳವಾರ ಮಾತಾಡುವ ರೂಢಿ. 2025ರ ಮೇ 10ರ ಮಧ್ಯಾಹ್ನ 3:35ಕ್ಕೆ ಪಾಕಿಸ್ತಾನದ ಡಿಜಿಎಂಒ ಕರೆ ಮಾಡಿದ್ದು, ಸಂಜೆ 5ಕ್ಕೆ ಗುಂಡು ನಿಲ್ಲಿಸೋಣ ಅಂತ ಒಪ್ಪಿಕೊಂಡದ್ದು ಈ ವ್ಯವಸ್ಥೆಯಲ್ಲೇ. ಅಮೆರಿಕದ ಅಧ್ಯಕ್ಷರು ತಾವೇ ನಿಲ್ಲಿಸಿದೆವು ಅಂತ ಪದೇಪದೇ ಹೇಳಿದರು. ದೆಹಲಿ ಅದನ್ನು ಒಪ್ಪುವುದಿಲ್ಲ, ನಾವಿಬ್ಬರೇ ಮಾತಾಡಿ ಮುಗಿಸಿದೆವು ಅನ್ನುತ್ತದೆ. ಯಾರ ಮಾತು ಎಷ್ಟು ನಿಜ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ನನಗೆ ಚಿಂತೆ ಬೇರೆಯದು. 1990ರಲ್ಲಿ ಅಮೆರಿಕದ ದೂತ ರಾಬರ್ಟ್ ಗೇಟ್ಸ್ ಓಡಿ ಬಂದರು. 1999ರ ಜುಲೈ 4ರಂದು ಕಾರ್ಗಿಲ್ ನಡುವೆ ನವಾಜ್ ಷರೀಫ್ ವಾಷಿಂಗ್ಟನ್‌ಗೆ ಓಡಿ ಹೋದರು. 2002ರಲ್ಲಿ ಮತ್ತೆ ಅಮೆರಿಕದಿಂದ ರಿಚರ್ಡ್ ಆರ್ಮಿಟೇಜ್ ಬಂದರು. ಹೀಗೆ ಪ್ರತಿ ಸಲವೂ ಮೂರನೆಯವರು ಬರುತ್ತಾರೆ ಅನ್ನುವ ನಂಬಿಕೆ ಬೇರೂರಿದೆ. ಹೇಗೂ ಯಾರೋ ನಿಲ್ಲಿಸುತ್ತಾರೆ ಅಂತ ಗೊತ್ತಿದ್ದರೆ ಇಬ್ಬರೂ ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾರೆ. ಆ ಯಾರೋ ಒಂದು ದಿನ ಬೇರೆ ಕೆಲಸದಲ್ಲಿದ್ದರೆ?

ಮೇ 10ರ ಬೆಳಗ್ಗೆ ಆದದ್ದನ್ನೂ ಮರೆಯಬಾರದು. ಪಾಕಿಸ್ತಾನದ ಪ್ರಧಾನಿ ಅಣ್ವಸ್ತ್ರದ ಹತೋಟಿ ಇರುವ ನ್ಯಾಷನಲ್ ಕಮಾಂಡ್ ಅಥಾರಿಟಿಯ ಸಭೆ ಕರೆದಿದ್ದಾರೆ ಅಂತ ಸುದ್ದಿ ಬಂತು. ಕೆಲವೇ ಗಂಟೆಗಳಲ್ಲಿ ಅಲ್ಲಿನ ರಕ್ಷಣಾ ಮಂತ್ರಿ ಖ್ವಾಜಾ ಆಸಿಫ್ ಅಂಥ ಸಭೆಯೇ ಇಲ್ಲ ಅಂದರು. ಸುದ್ದಿ ಬೆದರಿಕೆಯೋ, ಗಡಿಬಿಡಿಯೋ? ಎದುರಿನವರು ಅದನ್ನು ಹೇಗೆ ಓದಬೇಕು? ಅಣ್ವಸ್ತ್ರ ದೇಶಗಳ ನಡುವೆ ಇಂಥ ಅರ್ಧಂಬರ್ಧ ಮಾತೇ ದೊಡ್ಡ ಅಪಾಯ.

ಮೂರನೆಯದು ಕ್ಷಿಪಣಿ ಪರೀಕ್ಷೆಯ ಮುನ್ಸೂಚನೆ. 2005ರ ಅಕ್ಟೋಬರ್ 3ರ ಒಪ್ಪಂದ. ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆ ಮಾಡುವುದಿದ್ದರೆ ಕನಿಷ್ಠ 3 ದಿನ ಮೊದಲು ತಿಳಿಸಬೇಕು. ಗಡಿಯಿಂದ 40 ಕಿಲೋಮೀಟರ್ ಒಳಗೆ ಹಾರಿಸಬಾರದು, 70 ಕಿಲೋಮೀಟರ್ ಒಳಗೆ ಬೀಳಿಸಬಾರದು. ಒಳ್ಳೆಯ ಒಪ್ಪಂದ, ಚೆನ್ನಾಗಿ ನಡೆದಿದೆ. ಆದರೆ ಕ್ರೂಸ್ ಕ್ಷಿಪಣಿ, ಅಂದರೆ ವಿಮಾನದಂತೆ ಕೆಳಮಟ್ಟದಲ್ಲಿ ಹಾರಿ ಹೋಗುವಂಥದ್ದು, ಇದರಲ್ಲಿ ಸೇರಿಲ್ಲ.

ಅದರ ಬೆಲೆ ಗೊತ್ತಾದದ್ದು 2022ರ ಮಾರ್ಚ್ 9ರ ಸಂಜೆ. ನಮ್ಮ ಕಡೆಯ ಒಂದು ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ ತಪ್ಪಾಗಿ ಹಾರಿ ಗಡಿ ದಾಟಿತು. 124 ಕಿಲೋಮೀಟರ್ ಒಳಗೆ, ಮಿಯಾನ್ ಚನ್ನು ಊರಿನ ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಮಾರನೆಯ ದಿನ ಪಾಕಿಸ್ತಾನದ ಸೇನಾ ವಕ್ತಾರರು ಸುದ್ದಿ ಹೊರಗೆ ಹಾಕಿದರು. ನಮ್ಮ ಸರ್ಕಾರ ಇದು ತಾಂತ್ರಿಕ ದೋಷ, ವಿಷಾದವಿದೆ ಅಂತ ಹೇಳಿದ್ದು ಮಾರ್ಚ್ 11ರಂದು. ಆಗಸ್ಟಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ನಾನು ಭಾರತದವನೇ, ನಮ್ಮವರನ್ನು ಬೈಯುವುದು ಖುಷಿಯ ಕೆಲಸವಲ್ಲ. ಆದರೂ ಹೇಳಲೇಬೇಕು. ಕ್ಷಿಪಣಿ ಕೈತಪ್ಪಿದ್ದು ದುರದೃಷ್ಟ ಅನ್ನಬಹುದು, ಫೋನು ಪಕ್ಕದಲ್ಲಿದ್ದೂ ಕೂಡಲೇ ತಿಳಿಸದೆ ಇದ್ದದ್ದಕ್ಕೆ ಹಾಗನ್ನಲು ಬರುವುದಿಲ್ಲ. ಅದು 2025ರ ಮೇ ತಿಂಗಳಲ್ಲಿ ಆಗಿದ್ದರೆ ಅಂತ ಒಮ್ಮೆ ಯೋಚಿಸಿ.

ಡ್ರೋನ್ ಕಥೆಯೂ ಅದೇ. ಮೇ ತಿಂಗಳಲ್ಲಿ ಎರಡೂ ಕಡೆ ಡ್ರೋನ್‌ಗಳ ಹಿಂಡೇ ಹಾರಿತು. ಅವಕ್ಕೆ ಯಾವ ಕಟ್ಟುಪಾಡೂ ಇಲ್ಲ. ಅಣ್ವಸ್ತ್ರದ ಅಪಘಾತದ ಬಗ್ಗೆ 2007ರ ಫೆಬ್ರವರಿ 21ರಂದು ಇನ್ನೊಂದು ಒಪ್ಪಂದ ಆಯಿತು. ಅದಾದ ಮೇಲೆ ಎರಡು ದೇಶಗಳ ನಡುವೆ ಅಣು ವಿಷಯದಲ್ಲಿ ಹೊಸದೊಂದು ಆಗಿಲ್ಲ. ಅಸ್ತ್ರಗಳು ಎಲ್ಲಿಂದ ಎಲ್ಲಿಗೋ ಹೋಗಿವೆ. ಪಾಕಿಸ್ತಾನ 2011ರಲ್ಲಿ 60 ಕಿಲೋಮೀಟರ್ ದೂರದ ನಸ್ರ್ ಕ್ಷಿಪಣಿ ಪರೀಕ್ಷಿಸಿತು. ಯುದ್ಧಭೂಮಿಯಲ್ಲೇ ಬಳಸುವ ಸಣ್ಣ ಅಣ್ವಸ್ತ್ರಕ್ಕೆ ಅಂತ. ನಾವು ಮೊದಲು ಬಳಸುವುದಿಲ್ಲ, ಎದುರಿನವರು ಬಳಸಿದರೆ ಮಾತ್ರ ಭಾರೀ ತಿರುಗೇಟು ಅನ್ನುವುದು 2003ರ ಜನವರಿ 4ರಂದು ಭಾರತ ಪ್ರಕಟಿಸಿದ ನೀತಿ. ಪಾಕಿಸ್ತಾನ ಅಂಥ ಮಾತು ಕೊಟ್ಟೇ ಇಲ್ಲ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ 2025ರ ಅಂದಾಜು ನಮ್ಮ ಹತ್ತಿರ ಸುಮಾರು 180, ಅವರ ಹತ್ತಿರ ಸುಮಾರು 170 ಸಿಡಿತಲೆ. ಯಾರ ಹತ್ತಿರ ಹತ್ತು ಜಾಸ್ತಿ ಅನ್ನುವ ಲೆಕ್ಕ ಟಿವಿಯವರಿಗೆ ಇರಲಿ, ನಮಗೆ ಉಪಯೋಗವಿಲ್ಲ.

ಈಗ ಎನ್‌ಪಿಟಿ, ಅಂದರೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ. 1968ರಲ್ಲಿ ಸಹಿಗೆ ಇಟ್ಟರು, 1970ರ ಮಾರ್ಚ್ 5ರಂದು ಜಾರಿಗೆ ಬಂತು. 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದ ಐದು ದೇಶಗಳು ಅದರ ಪ್ರಕಾರ ಅಣ್ವಸ್ತ್ರ ದೇಶಗಳು. ಉಳಿದವರೆಲ್ಲ ಬಾಂಬ್ ಮಾಡುವುದಿಲ್ಲ ಅಂತ ಮಾತು ಕೊಡಬೇಕು, ತಪಾಸಣೆಗೆ ಬಾಗಿಲು ತೆರೆಯಬೇಕು. ಚೀನಾ 1964ರಲ್ಲೇ ಸಿಡಿಸಿತ್ತು, ಹಾಗಾಗಿ ಒಳಗೆ. ನಾವು 1974ರಲ್ಲಿ, ಹಾಗಾಗಿ ಹೊರಗೆ. ಈ ತಾರತಮ್ಯಕ್ಕೆ ಒಪ್ಪುವುದಿಲ್ಲ ಅಂತ ಭಾರತ ಸಹಿ ಹಾಕಲಿಲ್ಲ. ಪಾಕಿಸ್ತಾನವೂ, ಇಸ್ರೇಲೂ ಹಾಕಿಲ್ಲ. ಸಹಿ ಹಾಕದಿದ್ದರೆ ಮುರಿಯಲು ಮಾತೇ ಇಲ್ಲವಲ್ಲ. ಹಾಗಂತ ಸುಮ್ನೆ ಬಿಡಲಿಲ್ಲ. 1974ರ ಪೋಖರಣ್ ಸ್ಫೋಟದ ಮೇಲೆಯೇ ಪರಮಾಣು ಪೂರೈಕೆದಾರರ ಗುಂಪು, ಎನ್‌ಎಸ್‌ಜಿ, ಹುಟ್ಟಿದ್ದು. 2008ರ ಸೆಪ್ಟೆಂಬರ್ 6ರಂದು ಅದು ಭಾರತಕ್ಕೆ ವಿನಾಯಿತಿ ಕೊಡುವವರೆಗೆ ನಮಗೆ ಹೊರಗಿನ ಯುರೇನಿಯಂ ಸಿಗುವುದು ದುಸ್ತರವಾಗಿತ್ತು. ನೀವು ಹೇಳುವ ಮರ್ಯಾದೆ ಮೂವತ್ತು ವರ್ಷ ಹೊರಗೆ ನಿಂತ ಮೇಲೆ ಸಿಕ್ಕಿದ್ದು.

ಇರಾನ್ ಸಹಿ ಹಾಕಿದ ದೇಶ. ಅದಕ್ಕೇ ಅದರ ಲೆಕ್ಕ ಕೇಳುವ ಹಕ್ಕು ಐಎಇಎಗೆ ಇದೆ. ಆದರೆ ಬಾಂಬ್ ಹಾಕುವ ಹಕ್ಕು ಎನ್‌ಪಿಟಿಯಲ್ಲಿ ಯಾರಿಗೂ ಕೊಟ್ಟಿಲ್ಲ. ಇಲ್ಲಿ ನ್ಯಾಯ ಇಲ್ಲ ಅನ್ನುವ ನಿಮ್ಮ ಸಿಟ್ಟು ನನಗೂ ಇದೆ. 2015ರ ಜುಲೈ ಒಪ್ಪಂದದಲ್ಲಿ ಇರಾನ್ 3.67 ಶೇಕಡಾಕ್ಕಿಂತ ಜಾಸ್ತಿ ಯುರೇನಿಯಂ ಎನ್‌ರಿಚ್ ಮಾಡುವುದಿಲ್ಲ ಅಂತ ಒಪ್ಪಿತ್ತು. ಪಾಲಿಸುತ್ತಿದೆ ಅಂತ ಐಎಇಎ ಹೇಳುತ್ತಲೇ ಇತ್ತು. 2018ರ ಮೇ 8ರಂದು ಅಮೆರಿಕವೇ ಹೊರಗೆ ಬಂತು. 2021ರಲ್ಲಿ ಇರಾನ್ ಅದನ್ನು 60 ಶೇಕಡಾಕ್ಕೆ, ಅಂದರೆ ಬಾಂಬಿನ ಮಟ್ಟದ ಹತ್ತಿರಕ್ಕೆ ಏರಿಸಿತು. 2025ರ ಜೂನ್ 13ಕ್ಕೆ ಇಸ್ರೇಲ್, 22ಕ್ಕೆ ಅಮೆರಿಕ ದಾಳಿ ಮಾಡಿದವು. ದಾಳಿಗೆ ಮೊದಲು ಇರಾನ್ ಹತ್ತಿರ 60 ಶೇಕಡಾದ್ದು ಸುಮಾರು 440 ಕಿಲೋ ಇತ್ತು ಅಂತ ಐಎಇಎ ಲೆಕ್ಕ ಇಟ್ಟಿತ್ತು. ದಾಳಿಯ ನಂತರ ಇರಾನ್ ಐಎಇಎ ಜೊತೆಗಿನ ಸಹಕಾರ ನಿಲ್ಲಿಸುವ ಕಾನೂನು ಮಾಡಿತು. ಯಂತ್ರಗಳು ಒಡೆದವು, ಜೊತೆಗೆ ಲೆಕ್ಕವೂ ಕೈತಪ್ಪಿತು. ಅಣು ವಿಷಯದಲ್ಲಿ ಎಲ್ಲಿ ಎಷ್ಟಿದೆ ಅಂತ ಗೊತ್ತಿರುವುದೇ ದೊಡ್ಡದು. ಅದನ್ನು ಕಳೆದುಕೊಂಡ ದಾಳಿಯನ್ನು ಗೆಲುವು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಅಕ್ಕಪಕ್ಕದ ಇಬ್ಬರು ಈ ದಾರಿಯಿಂದ ಹಿಂದೆ ಬಂದ ಉದಾಹರಣೆ ಇಲ್ಲವೇ? ಇದೆ. ಜಮಖಂಡಿಯವರಿಗೆ ಅದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅದು ಅಣೆಕಟ್ಟಿನಿಂದ ಶುರುವಾಗುತ್ತದೆ.

ಬ್ರೆಜಿಲ್ ಮತ್ತು ಪರಾಗ್ವೆ ಸೇರಿ ಪರಾನಾ ನದಿಗೆ ಇತಾಯ್ಪು ಅಣೆಕಟ್ಟು ಕಟ್ಟಲು ಹೊರಟವು. ಕೆಳಗಿನ ಅರ್ಜೆಂಟೀನಾ ಕೆರಳಿತು. ಅದಕ್ಕೆ ಅದೇ ನದಿಯಲ್ಲಿ ಕೊರ್ಪುಸ್ ಅಂತ ಇನ್ನೊಂದು ಅಣೆಕಟ್ಟಿನ ಆಸೆ ಇತ್ತು. ಮೇಲಿನದರ ನೀರು ಎಷ್ಟು, ಕೆಳಗಿನದರ ಎತ್ತರ ಎಷ್ಟು ಅಂತ ವರ್ಷಗಟ್ಟಲೆ ಜಗಳ. ಬ್ರೆಜಿಲ್ ಸಿಟ್ಟಿನಲ್ಲಿ ಎಲ್ಲಾ ಗೇಟು ಒಮ್ಮೆಲೇ ಎತ್ತಿದರೆ ಬ್ಯೂನಸ್ ಐರಿಸ್ ಮುಳುಗುತ್ತದೆ ಅನ್ನುವ ಭಯ ಅಲ್ಲಿನ ಜನರಿಗೆ. ಆಲಮಟ್ಟಿಯನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಎತ್ತಿದರೆ ಸಾಂಗಲಿ, ಕೊಲ್ಲಾಪುರದವರು ನಮ್ಮ ಮೇಲೆ ಏರಿ ಬರುತ್ತಾರಲ್ಲ, ಹಾಗೇ. ವ್ಯತ್ಯಾಸ ಇಷ್ಟೇ: ಇಲ್ಲಿ ಟ್ರಿಬ್ಯೂನಲ್ ಇದೆ, ಸುಪ್ರೀಂ ಕೋರ್ಟ್ ಇದೆ. ಅಲ್ಲಿ ಇದ್ದದ್ದು ಎರಡು ಮಿಲಿಟರಿ ಸರ್ಕಾರ, ಎರಡಕ್ಕೂ ಗುಟ್ಟಿನ ಅಣು ಯೋಜನೆ.

1979ರ ಅಕ್ಟೋಬರ್ 19ರಂದು ಮೂರೂ ದೇಶ ಕೂತು ನೀರಿನ ಒಪ್ಪಂದ ಮಾಡಿಕೊಂಡವು. ಎಷ್ಟು ಎತ್ತರ, ಎಷ್ಟು ಹರಿವು, ಎಲ್ಲಾ ಅಂಕಿಯಲ್ಲಿ. ಏಳೇ ತಿಂಗಳಲ್ಲಿ, 1980ರ ಮೇನಲ್ಲಿ, ಬ್ರೆಜಿಲ್ ಅಧ್ಯಕ್ಷ ಫಿಗೆರೆದೊ ಬ್ಯೂನಸ್ ಐರಿಸ್‌ಗೆ ಹೋಗಿ ಅಣು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. 1983ರ ನವೆಂಬರಿನಲ್ಲಿ ಅರ್ಜೆಂಟೀನಾ ತನಗೆ ಯುರೇನಿಯಂ ಎನ್‌ರಿಚ್ ಮಾಡಲು ಬರುತ್ತದೆ ಅಂತ ಜಗತ್ತಿಗೆ ಸಾರಿತು. ಸಾರುವ ಮೊದಲು ಬ್ರೆಜಿಲ್ ಅಧ್ಯಕ್ಷರಿಗೆ ಖಾಸಗಿಯಾಗಿ ತಿಳಿಸಿತು. 1987ರಲ್ಲಿ ಬ್ರೆಜಿಲ್ ತನ್ನ ಸರದಿ ಬಂದಾಗ ಹಾಗೆಯೇ ಮಾಡಿತು. ಅದೇ ವರ್ಷ ಬ್ರೆಜಿಲ್ ಅಧ್ಯಕ್ಷ ಸಾರ್ನಿಯನ್ನು ಅರ್ಜೆಂಟೀನಾ ಯುರೇನಿಯಂ ಎನ್‌ರಿಚ್ ಮಾಡುವ ತನ್ನ ಪಿಲ್ಕಾನಿಯೆವು ಘಟಕದೊಳಗೆ ಕರೆದುಕೊಂಡು ಹೋಗಿ ತೋರಿಸಿತು. ಮರುವರ್ಷ ಅರ್ಜೆಂಟೀನಾದ ಅಧ್ಯಕ್ಷ ಅಲ್ಫೋನ್ಸಿನ್ ಬ್ರೆಜಿಲ್ಲಿನ ಅರಮಾರ್ ಅಣು ಕೇಂದ್ರ ನೋಡಿ ಬಂದರು. 1991ರಲ್ಲಿ ಇಬ್ಬರೂ ಸೇರಿ ಎಬಿಎಸಿಸಿ ಅನ್ನುವ ಜಂಟಿ ಸಂಸ್ಥೆ ಕಟ್ಟಿದರು. ಕಚೇರಿ ರಿಯೋ ಡಿ ಜನೈರೊದಲ್ಲಿ. ಬ್ರೆಜಿಲ್ ಸ್ಥಾವರವನ್ನು ಅರ್ಜೆಂಟೀನಾದ ತಪಾಸಣೆಗಾರ ನೋಡುತ್ತಾನೆ, ಅರ್ಜೆಂಟೀನಾದ್ದನ್ನು ಬ್ರೆಜಿಲ್‌ನವನು. ಎನ್‌ಪಿಟಿಗೆ ಅವರು ಬಂದದ್ದು ಆಮೇಲೆ: ಅರ್ಜೆಂಟೀನಾ 1995ರಲ್ಲಿ, ಬ್ರೆಜಿಲ್ 1998ರಲ್ಲಿ. ಕ್ರಮ ಗಮನಿಸಿ. ನೀರು, ಪತ್ರ, ಭೇಟಿ, ತಪಾಸಣೆ, ಕೊನೆಗೆ ದೊಡ್ಡ ಒಪ್ಪಂದ.

ಇದನ್ನು ತಂದು ನಮ್ಮ ಮೇಲೆ ಹಾಗೇ ಹೊದಿಸಲಾಗದು. ಅವರಿಬ್ಬರ ಹತ್ತಿರ ಬಾಂಬ್ ಇರಲಿಲ್ಲ. ಕಾಶ್ಮೀರದಂಥ ಗಾಯ ಇರಲಿಲ್ಲ, ಗಡಿ ದಾಟಿ ಬರುವ ಉಗ್ರರೂ ಇರಲಿಲ್ಲ. ಪಹಲ್ಗಾಮ್‌ನಲ್ಲಿ 26 ಜನ ಸತ್ತ ಮೇಲೆ ದೆಹಲಿ ಕೂತು ಪತ್ರ ಬರೆಯಬೇಕಿತ್ತು ಅಂತ ನಾನು ಹೇಳುವುದಿಲ್ಲ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರ್‌ಗೆ ಹೋಗಿ ಅಣು ವಿಶ್ವಾಸದ ಒಪ್ಪಂದ ಮಾಡಿಕೊಂಡರು. ಆಗಲೇ ಪಾಕಿಸ್ತಾನದ ಸೇನೆ ಕಾರ್ಗಿಲ್ ಬೆಟ್ಟ ಏರುವ ತಯಾರಿಯಲ್ಲಿತ್ತು. ನಂಬಿಕೆ ಹೋದದ್ದು ಸುಮ್ನೆ ಅಲ್ಲ. ಆದರೆ ಒಂದು ವಿಷಯ ನನಗೆ ಕಾಡುತ್ತದೆ. ಅಲ್ಲಿ ನೀರಿನಿಂದ ಅಣುವಿನ ಕಡೆಗೆ ಬಾಗಿಲು ತೆರೆಯಿತು. ಇಲ್ಲಿ 1960ರಿಂದ ಮೂರು ಯುದ್ಧ ದಾಟಿ ಬಂದ ನೀರಿನ ಒಪ್ಪಂದವೇ ಈಗ ಜಗಳದ ವಸ್ತು. ಅದನ್ನು ಅಮಾನತಿನಲ್ಲಿಟ್ಟು ಒತ್ತಡ ಹೇರುವುದು ಸರಿಯೋ ತಪ್ಪೋ ಬೇರೆ ಚರ್ಚೆ. ನೀರು ತಿರುಗಿಸಿದರೆ ಯುದ್ಧ ಸಾರಿದಂತೆ ಅಂತ ಅವರು ಹೇಳಿದ್ದಾರೆ. ಅಣ್ವಸ್ತ್ರ ಇರುವವರು ಅಂಥ ಮಾತಾಡುವ ವಿಷಯಗಳ ಪಟ್ಟಿ ಉದ್ದವಾಗುವುದು ಒಳ್ಳೆಯದಲ್ಲ.

ಚೀನಾ ಬಗ್ಗೆ ನೀವು ಕೇಳಲಿಲ್ಲ, ಆದರೂ ಎರಡು ಮಾತು. ಸಿಪ್ರಿಯ 2025ರ ಅಂದಾಜಿನ ಪ್ರಕಾರ ಅವರ ಹತ್ತಿರ ಸುಮಾರು 600 ಸಿಡಿತಲೆ, ವರ್ಷವರ್ಷ ಏರುತ್ತಿದೆ. ದೂರ ಹಾರುವ ಅಗ್ನಿ-5 ಕ್ಷಿಪಣಿಯನ್ನು ನಾವು ಮಾಡಿದ್ದು ಅವರನ್ನು ನೋಡಿ. ನಮ್ಮನ್ನು ನೋಡಿ ಪಾಕಿಸ್ತಾನ ಮಾಡುತ್ತದೆ. ಆದರೆ ಬೀಜಿಂಗ್ ನಮ್ಮ ಜೊತೆ ಅಣ್ವಸ್ತ್ರದ ಮಾತುಕತೆಗೆ ಕೂರುವುದೇ ಇಲ್ಲ. ಎನ್‌ಪಿಟಿ ಲೆಕ್ಕದಲ್ಲಿ ನೀವು ಅಣ್ವಸ್ತ್ರ ದೇಶವೇ ಅಲ್ಲ ಅನ್ನುತ್ತದೆ. ಹೀಗಾಗಿ ಇಬ್ಬರ ನಡುವೆ ಮಾತ್ರ ಕಟ್ಟುಪಾಡು ಬಿಗಿ ಮಾಡಿ ಮುಗಿಸೋಣ ಅಂದರೆ ಮುಗಿಯುವುದಿಲ್ಲ.

ನನ್ನನ್ನು ಕೇಳಿದರೆ ದೊಡ್ಡ ಶಾಂತಿ ಸಮಾವೇಶ ಈಗ ಬೇಡ. 2005ರ ಒಪ್ಪಂದಕ್ಕೆ ಕ್ರೂಸ್ ಕ್ಷಿಪಣಿ ಸೇರಿಸಲಿ. ತಪ್ಪಾಗಿ ಏನಾದರೂ ಹಾರಿದರೆ ಇಷ್ಟು ನಿಮಿಷದಲ್ಲಿ ಫೋನ್ ಮಾಡಬೇಕು ಅಂತ ಬರೆದುಕೊಳ್ಳಲಿ. ಜನವರಿಯ ಪಟ್ಟಿಗೆ ಸೈಬರ್ ದಾಳಿಯೂ ಸೇರಲಿ, ಕಂಪ್ಯೂಟರ್ ಮೂಲಕ ರಿಯಾಕ್ಟರ್ ಕೆಡಿಸಿದರೂ ಕೆಡಿಸಿದ್ದೇ. ಇವಕ್ಕೆ ಪ್ರಧಾನಿಗಳು ಕೈಕುಲುಕಬೇಕಿಲ್ಲ, ಫೋಟೋ ಬೇಕಿಲ್ಲ. ಯಾರೂ ಯಾರಿಗೂ ಸೋತಂತೆ ಆಗುವುದಿಲ್ಲ. 1988ರದ್ದು ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣವೂ ಅದೇ ಅಂತ ನನ್ನ ಅನಿಸಿಕೆ.

ಕೊನೆಯದು, ನಮ್ಮಂಥವರು ಏನು ಮಾಡಬಹುದು ಅನ್ನುವುದು. ನಿಮಗಿಂತ ನಿಮ್ಮ ತಮ್ಮನಿಗೆ ಹೇಳುವುದು ಜಾಸ್ತಿ ಇದೆ.

2003ರ ಅಕ್ಟೋಬರಿನಲ್ಲಿ ಲಿಬಿಯಾಕ್ಕೆ ಹೊರಟಿದ್ದ ಬಿಬಿಸಿ ಚೈನಾ ಅನ್ನುವ ಹಡಗನ್ನು ಇಟಲಿಯ ತರಾಂತೊ ಬಂದರಿಗೆ ತಿರುಗಿಸಿದರು. ಒಳಗೆ ಸೆಂಟ್ರಿಫ್ಯೂಜ್‌ನ, ಅಂದರೆ ಯುರೇನಿಯಂ ಎನ್‌ರಿಚ್ ಮಾಡುವ ಯಂತ್ರದ ಸಾವಿರಾರು ಬಿಡಿಭಾಗ. ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್ ನಡೆಸುತ್ತಿದ್ದ ಕಳ್ಳ ಮಾರಾಟದ ಜಾಲದ ಮಾಲು ಅದು. ಮುಂದಿನ ಫೆಬ್ರವರಿ 4ರಂದು ಖಾನ್ ಟಿವಿಯಲ್ಲಿ ತಪ್ಪೊಪ್ಪಿಕೊಂಡರು. ಆದರೆ ಆ ಬಿಡಿಭಾಗ ತಿರುವಿದ್ದು ಯಾರು? ಮಲೇಷ್ಯಾದ ಒಂದು ಇಂಜಿನಿಯರಿಂಗ್ ಕಾರ್ಖಾನೆ. ದುಬೈ ಪಾರ್ಟಿಯ ಆರ್ಡರ್, ತೈಲ ಮತ್ತು ಗ್ಯಾಸ್ ಕೆಲಸಕ್ಕೆ ಅಂದುಕೊಂಡಿದ್ದೆವು ಅಂತ ಅವರು ಹೇಳಿದರು. ಉದ್ಯಮಬಾಗದಲ್ಲಿ, ಮಚ್ಛೆಯಲ್ಲಿ ಅಂಥ ಕೆಲಸ ಮಾಡಬಲ್ಲ ಶಾಪ್‌ಗಳು ಎಷ್ಟೋ ಇವೆ. ಹೈಡ್ರಾಲಿಕ್ಸ್, ಫೌಂಡ್ರಿ, ಸಿಎನ್‌ಸಿ, ಕೈಚಳಕದಲ್ಲಿ ಬೆಳಗಾವಿಯವರು ಯಾರಿಗೂ ಕಡಿಮೆ ಇಲ್ಲ.

ಆ ಜಾಲ ಹೊರಬಿದ್ದ ಮೇಲೆ 2004ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಮಾಡಿತು. ಇಂಥ ಮಾಲು ತಪ್ಪು ಕೈಗೆ ಹೋಗದಂತೆ ಪ್ರತಿ ದೇಶವೂ ಕಾನೂನು ಮಾಡಬೇಕು ಅಂತ. ಭಾರತ 2005ರಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ಕಾಯ್ದೆ ತಂದಿತು. ರಫ್ತಿಗೆ ಸ್ಕೋಮೆಟ್ ಅಂತ ಒಂದು ಪಟ್ಟಿ ಇದೆ. ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯ, ಡಿಜಿಎಫ್‌ಟಿ, ಅದನ್ನು ನೋಡಿಕೊಳ್ಳುತ್ತದೆ. ಮರೇಜಿಂಗ್ ಸ್ಟೀಲ್, ಕೆಲವು ಬಗೆಯ ವ್ಯಾಕ್ಯೂಮ್ ಪಂಪು, ಪ್ರೆಶರ್ ಟ್ರಾನ್ಸ್‌ಡ್ಯೂಸರ್, ತೀರಾ ನಿಖರವಾದ ಮಷಿನ್ ಟೂಲ್, ಫ್ಲೋ ಫಾರ್ಮಿಂಗ್ ಯಂತ್ರ ಇಂಥವೆಲ್ಲ ಅದರಲ್ಲಿವೆ. ಪಟ್ಟಿಯಲ್ಲಿದ್ದರೆ ಲೈಸೆನ್ಸ್ ಇಲ್ಲದೆ ಹೊರದೇಶಕ್ಕೆ ಕಳಿಸುವಂತಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೂ, ಅಸ್ತ್ರಕ್ಕೆ ಬಳಸುತ್ತಾರೆ ಅಂತ ಗೊತ್ತಿದ್ದರೆ ಕಳಿಸುವಂತಿಲ್ಲ.

ತಮ್ಮನಿಗೆ ಹೇಳಿ. ಹೊಸ ವಿದೇಶಿ ಪಾರ್ಟಿ, ಡ್ರಾಯಿಂಗ್‌ನಲ್ಲಿ ಕಂಪನಿ ಹೆಸರಿಲ್ಲ, ಪಂಪಿನ ಭಾಗ ಅಂತಾರೆ ಆದರೆ ಟಾಲರೆನ್ಸ್ ಪಂಪಿಗೆ ಬೇಕಾದ್ದಕ್ಕಿಂತ ಎಷ್ಟೋ ಬಿಗಿ, ರೇಟಿಗೆ ಚೌಕಾಸಿಯೇ ಮಾಡುವುದಿಲ್ಲ, ಮಾಲು ಮೂರನೇ ದೇಶದ ವಿಳಾಸಕ್ಕೆ, ಕೊನೆಗೆ ಬಳಸುವವರು ಯಾರು ಅಂದರೆ ಮಾತು ಹಾರಿಸುತ್ತಾರೆ. ಇದರಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕೈ ತಡೆಯಲಿ. ಕೊನೆಯ ಬಳಕೆದಾರರ ಪ್ರಮಾಣಪತ್ರ ಬರೆಸಿ ಕೇಳಲಿ, ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಸ್ಕೋಮೆಟ್ ಪಟ್ಟಿ ತೆರೆದು ನೋಡಲಿ. ಅನುಮಾನ ಉಳಿದರೆ ಅವರಿಗೇ ಬರೆದು ಕೇಳಲಿ. ಕೇಳುವುದು ಕೊಟೇಶನ್ ಕೊಡುವ ಮೊದಲು, ಮಾಲು ಪ್ಯಾಕ್ ಆದ ಮೇಲಲ್ಲ.